ಕೆರೆಯ ಹಕ್ಕಿಗಳನ್ನು ಓಡಿಸುವ ಮೊದಲು ಮೊಟ್ಟೆ ಟ್ರೇ ತಿರುಗಿಸಿ ನೋಡಿ

ಚಳಿಗಾಲ ಶುರುವಾಯಿತೆಂದರೆ ದಾವಣಗೆರೆ, ಚಿತ್ರದುರ್ಗದ ಕೋಳಿ ಸಾಕಣೆದಾರರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹಕ್ಕಿಜ್ವರದ್ದೇ. ಸತ್ತ ಕೋಳಿಗಳ ಹೊಟ್ಟೆ ಕುಯ್ದು ರೋಗ ಹುಡುಕುವ ಕೆಲಸದಲ್ಲೇ ತಲೆ ನರೆತ ಪಶುವೈದ್ಯ ನಾನು. ಒಂದು ಪ್ರಶ್ನೆಗೆ ಈ ಬಾರಿ ಪೂರ್ತಿಯಾಗಿ ಉತ್ತರಿಸುತ್ತೇನೆ. ಮತ್ತೆ ಮತ್ತೆ ಕೇಳಿಸಿಕೊಂಡು ನನ್ನ ತಾಳ್ಮೆ ತೀರಿದೆ.

ಪ್ರಶ್ನೆ: ನಮ್ಮ ಫಾರಂ ಕೆರೆಯ ಪಕ್ಕದಲ್ಲೇ ಇದೆ. ಹಕ್ಕಿಜ್ವರ ಹುಟ್ಟುವುದೇ ವಲಸೆ ಹಕ್ಕಿಗಳಲ್ಲಿ ಎನ್ನುತ್ತಾರೆ. ಊರಿನವರು ಸೇರಿ ಪಟಾಕಿ ಹೊಡೆದು ಅವುಗಳನ್ನು ಓಡಿಸಬೇಕೆಂದಿದ್ದೇವೆ. ಸರಿಯೇ? – ಹರಿಹರ ತಾಲ್ಲೂಕಿನ ಸಾಕಣೆದಾರರು

ಸರಿಯಲ್ಲ. ಬೆದರಿದ ಹಿಂಡು ಚದುರಿ ನಾಲ್ಕು ಊರಿನ ಕೆರೆಗಳಿಗೆ ಹೋಗುತ್ತದೆ. ಅದರಲ್ಲಿ ರೋಗವಿದ್ದರೆ ಅದನ್ನು ನಾಲ್ಕು ಕಡೆ ಹಂಚಿದವರು ನೀವೇ ಆಗುತ್ತೀರಿ.

ಹಕ್ಕಿಜ್ವರದ ವೈರಾಣುಗಳ ತವರು ಕಾಡುಬಾತುಗಳ ಕರುಳು, ನಿಜ. ಆದರೆ ಅಲ್ಲಿ ಅವು ಸಾಧುವಾಗಿಯೇ ಇದ್ದವು. ಬಾತು ಈಜುತ್ತದೆ, ಮೇಯುತ್ತದೆ, ಹಿಕ್ಕೆ ಹಾಕುತ್ತದೆ. ಹಿಕ್ಕೆಯಿಂದ ನೀರಿಗೆ, ನೀರಿನಿಂದ ಇನ್ನೊಂದು ಬಾತಿಗೆ ವೈರಾಣು ಹೋಗುತ್ತದೆ. ಹೊತ್ತು ತಿರುಗುವ ಬಾತು ಸತ್ತರೆ ವೈರಾಣುವಿನ ಪಯಣವೂ ಅಲ್ಲಿಗೇ ಮುಗಿಯಿತು. ಹಾಗಾಗಿ ಕೊಲ್ಲುವ ತಳಿಗೆ ಕೆರೆಯಲ್ಲಿ ಬಾಳುವೆ ಕಷ್ಟ.

ಈಗ ಅದೇ ವೈರಾಣು ಒಂದೇ ತಳಿಯ, ಒಂದೇ ವಯಸ್ಸಿನ ಹತ್ತು ಸಾವಿರ ಕೋಳಿಗಳ ಶೆಡ್ ಹೊಕ್ಕಿತೆನ್ನಿ. ಒಂದು ಕೋಳಿ ಸಂಜೆಯೊಳಗೆ ಸತ್ತರೂ ಮಗ್ಗುಲಲ್ಲೇ ಇನ್ನೊಂದಿದೆ. ಕೊಲ್ಲುವುದರಿಂದ ವೈರಾಣುವಿಗೆ ಇಲ್ಲಿ ನಷ್ಟವೇ ಇಲ್ಲ. ಎಷ್ಟು ಬೇಗ ಬೆಳೆದರೆ ಅಷ್ಟು ಲಾಭ.

ಬದಲಾವಣೆ ಆಗುವ ಜಾಗ ಬಹಳ ಸಣ್ಣದು. ವೈರಾಣುವಿನ ಮೇಲ್ಮೈಯಲ್ಲಿ ಎಚ್ ಎಂದು ಗುರುತಿಸುವ ಒಂದು ಪ್ರೋಟೀನ್ ಇದೆ. ಅದನ್ನು ಕೋಳಿಯ ದೇಹದ್ದೇ ಕಿಣ್ವವೊಂದು ಕತ್ತರಿಸಿಕೊಟ್ಟರೆ ಮಾತ್ರ ವೈರಾಣು ಜೀವಕೋಶದೊಳಗೆ ನುಗ್ಗಬಲ್ಲದು. ಸಾಧು ತಳಿಗೆ ಬೇಕಾದ ಕತ್ತರಿ ಕರುಳಿನಲ್ಲಿ ಮತ್ತು ಉಸಿರಾಟದ ದಾರಿಯಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ರೋಗ ಅಲ್ಲಿಗೇ ಸೀಮಿತ. ಎಚ್5 ಮತ್ತು ಎಚ್7 ಗುಂಪಿನ ವೈರಾಣುಗಳಲ್ಲಿ ಆ ಕತ್ತರಿಸುವ ಜಾಗದಲ್ಲಿ ಅರ್ಜಿನೈನ್, ಲೈಸಿನ್ ಎಂಬ ಅಮೈನೊ ಆಮ್ಲಗಳು ಸಾಲಾಗಿ ಸೇರಿಕೊಂಡರೆ ದೇಹದ ಎಲ್ಲ ಅಂಗಗಳಲ್ಲೂ ಇರುವ ಇನ್ನೊಂದು ಕತ್ತರಿಯೇ ಸಾಕಾಗುತ್ತದೆ. ಮಿದುಳು, ಹೃದಯ, ಮೇದೋಜೀರಕ ಯಾವುದೂ ಉಳಿಯುವುದಿಲ್ಲ. ಜುಟ್ಟು ನೀಲಿಗಟ್ಟುತ್ತದೆ, ಕಾಲಿನ ಪೊರೆಯ ಕೆಳಗೆ ರಕ್ತ ಚುಕ್ಕೆಯೊಡೆಯುತ್ತದೆ, ಕೆಲವು ಕೋಳಿಗಳು ಯಾವ ಲಕ್ಷಣವನ್ನೂ ತೋರದೆ ಸಾಯುತ್ತವೆ.

ಇಟಲಿಯಲ್ಲಿ 1999ರ ಮಾರ್ಚ್ ಹೊತ್ತಿಗೆ ಎಚ್7ಎನ್1 ತಳಿ ಕೋಳಿಗಳಲ್ಲಿ ಸೌಮ್ಯವಾಗಿಯೇ ಹರಡುತ್ತಿತ್ತು. ಫಾರಂಗಳಲ್ಲಿ ಸುತ್ತುತ್ತಾ ಸುತ್ತುತ್ತಾ ಡಿಸೆಂಬರ್‌ಗೆ ಅದು ಕೊಲೆಗಡುಕ ತಳಿಯಾಯಿತು. ಒಂದು ಕೋಟಿಗೂ ಹೆಚ್ಚು ಹಕ್ಕಿಗಳು ಹೋದವು. ಆ ಒಂಬತ್ತು ತಿಂಗಳು ವೈರಾಣು ಬದಲಾದದ್ದು ಶೆಡ್‌ಗಳ ಒಳಗೆ.

ಇಂದು ನಾವು ಹೆದರುವ ಎಚ್5ಎನ್1ರ ವಂಶವೂ 1996ರಲ್ಲಿ ಚೀನಾದ ಗ್ವಾಂಗ್‌ಡಾಂಗ್‌ನ ಸಾಕು ಹೆಬ್ಬಾತಿನಲ್ಲಿ ಮೊದಲು ಪತ್ತೆಯಾದದ್ದು. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಅಂಟಿ 6 ಮಂದಿ ಸತ್ತರು. 2005ರಲ್ಲಿ ಚೀನಾದ ಚಿಂಗ್‌ಹೈ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಸತ್ತುಬಿದ್ದವು. ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳು, ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಅದೇ ಜಾತಿಯವು. ಕೆರೆಯಿಂದ ಶೆಡ್‌ಗೆ ಸಾಧುವಾಗಿ ಬಂದದ್ದನ್ನು ನಾವು ಮಾರಿಯಾಗಿಸಿ ಕೆರೆಗೆ ಹಿಂತಿರುಗಿಸಿದೆವು. ಇದನ್ನು ಒಪ್ಪಿಕೊಳ್ಳದೆ ಹಕ್ಕಿಗಳಿಗೆ ಶಾಪ ಹಾಕುವುದು ನನಗೆ ಸಹಿಸದು.

ಅಂದಮಾತ್ರಕ್ಕೆ ಕಾಡುಹಕ್ಕಿಯಿಂದ ಇಂದು ಅಪಾಯವಿಲ್ಲವೆಂದಲ್ಲ. ಈ ವೈರಾಣುವಿನ ಜೀನ್‌ಗಳು ಎಂಟು ಬಿಡಿ ತುಂಡುಗಳಲ್ಲಿವೆ. ಎರಡು ತಳಿಗಳು ಒಂದೇ ಕೋಶ ಹೊಕ್ಕರೆ ತುಂಡುಗಳನ್ನು ಅದಲು ಬದಲು ಮಾಡಿಕೊಂಡು ಹೊಸ ತಳಿ ಹೊರಬರುತ್ತದೆ. ಮಾರಕ ತಳಿ ಕಾಡುಹಕ್ಕಿಗಳಲ್ಲಿ ನೆಲೆ ಕಂಡ ಮೇಲೆ ಈ ಬೆರಕೆ ಖಂಡದಿಂದ ಖಂಡಕ್ಕೆ ನಡೆದಿದೆ. ಹೀಗೆ ಬೆರೆತ ತಳಿಯೊಂದು 2024ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಪತ್ತೆಯಾಯಿತು. ನಮ್ಮ ಕೋಳಿಗಳಲ್ಲಿ ಮೊದಲೇ ಬೀಡುಬಿಟ್ಟಿರುವ ಎಚ್9ಎನ್2 ತಳಿ, ಮೊಟ್ಟೆ ಸ್ವಲ್ಪ ಕಡಿಮೆಯಾಯಿತು ಎಂದು ನೀವು ಅಲಕ್ಷಿಸುವ ಆ ಸೌಮ್ಯ ರೋಗ, ಇಂಥ ಬೆರಕೆಗೆ ತುಂಡುಗಳನ್ನು ಒದಗಿಸಬಲ್ಲದು.

ಹಾಗಾದರೆ ಕಾಯಬೇಕಾದದ್ದು ಶೆಡ್‌ನ ಬಾಗಿಲನ್ನು. 2020ರ ಮಾರ್ಚ್‌ನಲ್ಲಿ ನಿಮ್ಮದೇ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ದೃಢಪಟ್ಟದ್ದು ನೆನಪಿರಬೇಕು. ಅದಾದ ಕೆಲವು ತಿಂಗಳಿಗೆ ಒಂದು ಮೊಟ್ಟೆ ಕೋಳಿ ಫಾರಂಗೆ ಹೋಗಿದ್ದೆ. ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ ಇತ್ತು. ಔಷಧ ಎಂದೋ ಆರಿ ತಳ ಬಿರುಕುಬಿಟ್ಟಿತ್ತು. ಮಾಲೀಕರು ಕೆರೆಯ ಕಡೆ ಕೈ ತೋರಿಸಿ ಹಕ್ಕಿಗಳನ್ನು ಬೈಯುತ್ತಿದ್ದರು. ಸಂತೆಯಿಂದ ವಾಪಸು ಬಂದ ರಟ್ಟಿನ ಮೊಟ್ಟೆ ಟ್ರೇಗಳ ರಾಶಿಯಿಂದ ಒಂದನ್ನು ಎತ್ತಿ ತಿರುಗಿಸಿದೆ. ಒಣಗಿದ ಹಿಕ್ಕೆ, ಅದಕ್ಕೆ ಅಂಟಿದ ಕಂದು ಪುಕ್ಕ. ಅವರ ಶೆಡ್‌ನಲ್ಲಿದ್ದವೆಲ್ಲ ಬಿಳಿ ಕೋಳಿಗಳು! ಯಾರ ಫಾರಂನ ಪುಕ್ಕ ಅದು, ಎಷ್ಟು ಫಾರಂ ಸುತ್ತಿ ಬಂದಿತ್ತು, ಅವರಿಗೂ ಗೊತ್ತಿರಲಿಲ್ಲ. ಅಂದು ಅಲ್ಲಿ ಕೋಳಿಗಳನ್ನು ಕೊಂದದ್ದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂಬ ಬೇರೊಂದು ವೈರಾಣು ಕಾಯಿಲೆ. ಹಕ್ಕಿಜ್ವರ ಬರುವುದೂ ಅದೇ ದಾರಿಯಲ್ಲೇ.

ರಟ್ಟಿನ ಟ್ರೇ ಸುಟ್ಟುಹಾಕಿ, ತೊಳೆಯಬಹುದಾದ ಪ್ಲಾಸ್ಟಿಕ್ ಟ್ರೇ ಇಟ್ಟುಕೊಳ್ಳಿ. ಕೋಳಿ ಹಿಡಿಯಲು ಬರುವ ಲಾರಿಯನ್ನು ಗೇಟಿನ ಹೊರಗೇ ನಿಲ್ಲಿಸಿ. ಶೆಡ್‌ಗೆಂದೇ ಬೇರೆ ಚಪ್ಪಲಿ ಇರಲಿ. ಚೆಲ್ಲಿದ ಮೆಕ್ಕೆಜೋಳ ಕಾಗೆ, ಗುಬ್ಬಿಗಳನ್ನು ಕರೆಯುತ್ತದೆ, ಅಂದಂದೇ ಗುಡಿಸಿ. ಸತ್ತ ಕೋಳಿಯನ್ನು ಭದ್ರಾ ನಾಲೆಗೆ ಎಸೆಯುವವರಿಗೆ ನನ್ನಲ್ಲಿ ಒಳ್ಳೆಯ ಮಾತಿಲ್ಲ.

ಪ್ರಶ್ನೆ: ಸತ್ತ ಕೋಳಿಯ ಫೋಟೊ ಕಳಿಸಿದ್ದೇನೆ. ಇದು ಕೊಕ್ಕರೆ ರೋಗವೇ, ಹಕ್ಕಿಜ್ವರವೇ?

ಕೋಳಿಯನ್ನು ಕೈಯಲ್ಲಿ ಹಿಡಿದು ಕುಯ್ದು ನೋಡಿದರೂ ನಾನು ಖಚಿತವಾಗಿ ಹೇಳಲಾರೆ. ಹಕ್ಕಿಜ್ವರವನ್ನು ದೃಢಪಡಿಸುವ ಭೋಪಾಲದ ಪಶುರೋಗ ಪ್ರಯೋಗಾಲಯ ಹೇಳಬೇಕು. ಇಂದೇ ಪಶು ಆಸ್ಪತ್ರೆಗೆ ತಿಳಿಸಿ. ಸರ್ಕಾರ ಕೊಲ್ಲಿಸಿದ ಹಕ್ಕಿಗೆ ಪರಿಹಾರ ಉಂಟು, ತಾನಾಗಿ ಸತ್ತದ್ದಕ್ಕೆ ಇಲ್ಲ. ಮುಚ್ಚಿಟ್ಟಷ್ಟೂ ಕಳೆದುಕೊಳ್ಳುವವರು ನೀವು. ಮತ್ತೆ, ಕೊಕ್ಕರೆ ರೋಗವನ್ನು ಕೊಕ್ಕರೆಗಳು ತರುತ್ತವೆಂದು ಹೆಸರು ನೋಡಿ ನಂಬಬೇಡಿ.

ಪ್ರಶ್ನೆ: ನೀರಿಗೆ ಬೆರೆಸುವ ಬಾಟಲಿ ಔಷಧ ಮಾರುವವರು ಬಂದಿದ್ದಾರೆ. ಹಕ್ಕಿಜ್ವರ ಹತ್ತಿರ ಸುಳಿಯುವುದಿಲ್ಲವಂತೆ.

ಸುಳ್ಳು. ಆಂಟಿಬಯಾಟಿಕ್ ಇರಲಿ, ಅರಿಸಿನ-ಬೆಳ್ಳುಳ್ಳಿ ಕಷಾಯ ಇರಲಿ, ಈ ವೈರಾಣುವನ್ನು ತಡೆಯುವುದಿಲ್ಲ. ಆ ಮಾರಾಟಗಾರ ನಿಮಗಿಂತ ಮೊದಲು ಎಷ್ಟು ಫಾರಂಗಳ ಒಳಗೆ ಅದೇ ಚಪ್ಪಲಿಯಲ್ಲಿ ತಿರುಗಿದ್ದಾನೆಂದು ಯೋಚಿಸಿ, ಗೇಟಿನಿಂದಲೇ ಕಳಿಸಿ.

ಪ್ರಶ್ನೆ: ಕೋಳಿ, ಮೊಟ್ಟೆ ತಿನ್ನಬಹುದೇ?

ಚೆನ್ನಾಗಿ ಬೇಯಿಸಿ ತಿನ್ನಿ. ಒಳಗಿನವರೆಗೂ 70 ಡಿಗ್ರಿ ಕಾವು ತಗುಲಿದರೆ ವೈರಾಣು ಉಳಿಯದು. ರೋಗ ಬಂದು ಸತ್ತ ಕೋಳಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತಂದು ಪುಕ್ಕ ಕೀಳುವುದಂತೂ ಬೇಡವೇ ಬೇಡ. ಅಪಾಯವಿರುವುದು ಅಲ್ಲಿ. 2021ರಲ್ಲಿ ಹರಿಯಾಣದ ಬಾಲಕನೊಬ್ಬ ಎಚ್5ಎನ್1ಗೆ ಬಲಿಯಾದ. ಮಕ್ಕಳನ್ನು ದೂರವಿಡಿ.

ಪ್ರಶ್ನೆ: ಭತ್ತ ಕೊಯ್ದ ಗದ್ದೆಗೆ ಬಾತುಕೋಳಿ ಹಿಂಡು ಬಿಡಿಸಿಕೊಳ್ಳಬಹುದೇ? ಪಕ್ಕದಲ್ಲೇ ನನ್ನ ಬ್ರಾಯ್ಲರ್ ಶೆಡ್ ಇದೆ.

ಶೆಡ್ ಇಲ್ಲದವರ ಗದ್ದೆಯಾಗಿದ್ದರೆ ನನ್ನ ತಕರಾರಿಲ್ಲ. ನಿಮಗೆ ಬೇಡ. ಕಾಡುಬಾತು ಇಳಿಯುವ ನೀರಿನಲ್ಲೇ ಸಾಕುಬಾತೂ ಮೇಯುತ್ತದೆ, ಕಾಯಿಲೆಯ ಲಕ್ಷಣ ತೋರದೆಯೇ ವೈರಾಣು ಹೊರಹಾಕಬಲ್ಲದು. ಕೆರೆಗೂ ಶೆಡ್‌ಗೂ ನಡುವಿನ ಸೇತುವೆ ಅದು. ಹಿಂಡು ಕಾಯುವವರೊಡನೆ ಜಗಳಕ್ಕೆ ಹೋಗಬೇಡಿ, ಅವರದೂ ಹೊಟ್ಟೆಪಾಡು. ಹಿಂಡು ಈಗಾಗಲೇ ಇಳಿದಿದ್ದರೆ ಆ ಗದ್ದೆಯಲ್ಲಿ ತಿರುಗಾಡಿದ ಆಳು ಅದೇ ಕಾಲಿನಲ್ಲಿ ಶೆಡ್‌ಗೆ ಬರದಂತೆ ನೋಡಿಕೊಳ್ಳಿ. ನಾಲೆಯ ನೀರನ್ನು ಕೋಳಿಗಳಿಗೆ ಕುಡಿಸುತ್ತಿದ್ದರೆ ಇಂದಿನಿಂದಲೇ ನಿಲ್ಲಿಸಿ, ಬೋರ್‌ವೆಲ್ ನೀರಿಗೂ ಕ್ಲೋರಿನ್ ಹಾಕಿ ಕೊಡಿ.