34 ಮಕ್ಕಳಿಗೆ ಐದೇ ಪಾತ್ರ ಅಂದರೆ ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಆರನೇ ತರಗತಿಯ ಟೀಚರ್. ಕ್ಲಾಸಿನಲ್ಲಿ 34 ಮಕ್ಕಳಿದ್ದಾರೆ. ಗೋವಿನ ಹಾಡನ್ನು ನಾಟಕ ಮಾಡಿಸಬೇಕೆಂಬ ಆಸೆ. ಆದರೆ ಎಣಿಸಿದರೆ ಐದು ಪಾತ್ರ ಆಗುವುದೂ ಕಷ್ಟ. ವೇದಿಕೆ ಇಲ್ಲ, ಕ್ಲಾಸ್ ರೂಮಿನಲ್ಲೇ ಆಗಬೇಕು. ಮಕ್ಕಳ ದನಿ ಹಿಂದೆ ಕೂತವರಿಗೆ ಕೇಳುವುದಿಲ್ಲ, ಮಾತನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿಬಿಡಿ ಅಂತ ಜೊತೆಯವರು ಹೇಳುತ್ತಿದ್ದಾರೆ. ಒಬ್ಬ ಹುಡುಗನಂತೂ ಕ್ಲಾಸಿನಲ್ಲಿ ಬಾಯಿಯೇ ಬಿಡುವುದಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ರೆಕಾರ್ಡಿಂಗ್ ಮಾತ್ರ ಬೇಡ. ಇದೊಂದು ಮಾತು ದಯವಿಟ್ಟು ಕೇಳಿ. ಸ್ಪೀಕರಿನಲ್ಲಿ ಯಾರದೋ ದನಿ ಬರುತ್ತಿರುತ್ತದೆ, ಮಗು ನಿಂತುಕೊಂಡು ತುಟಿ ಅಲ್ಲಾಡಿಸುತ್ತಿರುತ್ತದೆ. ಅಷ್ಟು ದಿನ ಕಷ್ಟಪಟ್ಟು ಕಲಿತ ಮೇಲೂ ಮಾತು ಮಗುವಿನದಾಗುವುದಿಲ್ಲ. ದನಿ ಕೇಳುವುದಿಲ್ಲ ಅಂದರೆ ಜನರನ್ನು ಹತ್ತಿರ ಕೂರಿಸಿ. ಡೆಸ್ಕುಗಳನ್ನು ಗೋಡೆಗೆ ಒತ್ತಿ, ನಡುವೆ ಜಾಗ ಮಾಡಿ, ಮೂರು ಕಡೆ ನೋಡುವವರು ಕೂತರೆ ಆರೇಳು ಹೆಜ್ಜೆಯ ಮಾತು. ಪಿಸುಮಾತೂ ಕೇಳುತ್ತದೆ.

ಇನ್ನು ಪಾತ್ರದ ಲೆಕ್ಕ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ಇದೇ ಗೋವಿನ ಹಾಡನ್ನು ಎರಡು ಸಲ ಆಡಿಸಿದ್ದೇನೆ. ಮೊದಲ ಸಲ ನಾನೂ ನಿಮ್ಮ ಹಾಗೇ ಎಣಿಸಿದೆ. ಪುಣ್ಯಕೋಟಿ, ಕರು, ಹುಲಿ, ಗೊಲ್ಲ. ಚೆನ್ನಾಗಿ ಓದುವ ನಾಲ್ಕು ಮಕ್ಕಳಿಗೆ ಪಾತ್ರ ಕೊಟ್ಟೆ. ಹುಲಿಗೆ ಬಾಡಿಗೆ ವೇಷ ತರಿಸಿದೆ. ಮುಖವಾಡದ ಕಣ್ಣಿನ ತೂತು ಹುಡುಗನ ಕಣ್ಣಿಗೆ ಸರಿಹೋಗಲಿಲ್ಲ. ಪಾಪ, ಅವನು ಬೆಂಚಿಗೆ ಎಡವಿ ಮೊಣಕಾಲು ತರಚಿಕೊಂಡ. ಉಳಿದ ಮಕ್ಕಳು ಸುಮ್ನೆ ಕೈಕಟ್ಟಿ ನೋಡುತ್ತಾ ಕೂತಿದ್ದರು. ಅವರ ಮುಖ ಈಗಲೂ ಕಣ್ಣಮುಂದೆ ಬರುತ್ತದೆ.

ಎರಡನೇ ಸಲ ಹಾಡನ್ನೇ ಮತ್ತೆ ಓದಿದೆ. ಗೊಲ್ಲ ಏನು ಮಾಡುತ್ತಾನೆ? ಕೊಳಲೂದಿ ಹಸುಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಗಂಗೆ, ಗೌರಿ, ತುಂಗಭದ್ರೆ ಅಂತ. ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬಂದ ಪುಣ್ಯಕೋಟಿ ಏನು ಮಾಡುತ್ತಾಳೆ? ಅಕ್ಕತಂಗಿಯರನ್ನೆಲ್ಲ ಕರೆದು, ಈ ಕರು ಇನ್ನು ನಿಮ್ಮದು, ನೋಡಿಕೊಳ್ಳಿ ಅನ್ನುತ್ತಾಳೆ. ಅಂದರೆ ಹಿಂಡು ಸುಮ್ನೆ ನಿಂತಿರುವ ದನಗಳಲ್ಲ. ಆ ತಾಯಿ ಧೈರ್ಯವಾಗಿ ಹೊರಡಲು ಕಾರಣವೇ ಹಿಂಡು. ನಿಮ್ಮ ಕ್ಲಾಸಿನ 20 ಮಕ್ಕಳು ಅಲ್ಲೇ ಇದ್ದಾರೆ, ಮೇಡಂ.

ಪ್ರತಿ ಮಗುವೂ ತನ್ನ ಹಸುವಿಗೆ ತಾನೇ ಹೆಸರಿಡಲಿ. ನಿಮ್ಮ ಕಡೆ ಎಷ್ಟೋ ಮನೆಯಲ್ಲಿ ದನ ಇರುತ್ತದೆ, ಹೆಸರಿಗೆ ಬರವಿಲ್ಲ. ಗೊಲ್ಲ ಕರೆದಾಗ ಒಬ್ಬೊಬ್ಬರೇ ಬರಲಿ. ಕುಂಟುವ ಹಸು, ತುಂಟ ಹಸು, ಕರೆದರೂ ಬಾರದ ಹಸು. ಈ ದೃಶ್ಯಕ್ಕೇ ಹತ್ತು ನಿಮಿಷ ಬೇಕು. ಅವಸರ ಮಾಡಬೇಡಿ.

ಮಾತನಾಡದ ಹುಡುಗನನ್ನೂ ಹಿಂಡಿನಲ್ಲೇ ನಿಲ್ಲಿಸಿ. ನನ್ನ ಕ್ಲಾಸಿನಲ್ಲೂ ಅಂಥವನೊಬ್ಬನಿದ್ದ. ಹಸುವಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟ: ಕೆಂಪಿ. ಪುಣ್ಯಕೋಟಿ ಕರುವನ್ನು ಒಪ್ಪಿಸುವಾಗ ಉಳಿದವರೆಲ್ಲ ‘ನಾ ನೋಡ್ಕೊಳ್ತೀನಿ, ನಾ ನೋಡ್ಕೊಳ್ತೀನಿ’ ಅಂದರು. ಇವನು ಏನೂ ಹೇಳಲಿಲ್ಲ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ. ತನಗೂ ಪಕ್ಕದ ಹಸುವಿಗೂ ನಡುವೆ ಕರು ನಿಲ್ಲುವಷ್ಟು ಜಾಗ ಆಯಿತು. ಕರುವಾಗಿದ್ದ ಹುಡುಗಿ ನೇರ ಹೋಗಿ ಅಲ್ಲಿ ನಿಂತಳು. ನಾನು ಹೇಳಿಕೊಟ್ಟಿದ್ದಲ್ಲ. ಮರುದಿನದಿಂದ ಅದನ್ನೇ ಉಳಿಸಿಕೊಂಡೆವು.

ಹುಲಿಗೆ ಮುಖವಾಡ ಬೇಡ. ಯಕ್ಷಗಾನದಲ್ಲಿ ಇಬ್ಬರು ಸಣ್ಣ ತೆರೆ ಹಿಡಿಯುತ್ತಾರೆ, ವೇಷ ಅದರ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುತ್ತದೆ, ಅಲ್ವಾ? ನೀವು ಒಂದು ಬೆಡ್‌ಶೀಟ್ ತನ್ನಿ. ಇಬ್ಬರು ಮಕ್ಕಳು ಹಿಡಿಯಲಿ. ಮೊದಲು ಅಂಚಿನ ಮೇಲೆ ಹತ್ತು ಬೆರಳು ಮಾತ್ರ ಬರಲಿ. ಆಮೇಲೆ ಕಣ್ಣು. ಹಿಂದಿನ ಬೆಂಚಿನವರು ಹಿಮ್ಮೇಳ. ಡೆಸ್ಕಿನ ಮೇಲೆ ಬೆರಳ ತುದಿಯಿಂದ ಶುರುಮಾಡಿ ಅಂಗೈವರೆಗೆ ಏರಿಸಿದರೆ ಕಾಡಿನ ಸದ್ದು ತಾನಾಗೇ ಬರುತ್ತದೆ. ಕಂಪಾಸ್ ಬಾಕ್ಸಿನಲ್ಲಿ ನಾಲ್ಕು ಕಲ್ಲು ಹಾಕಿ ಅಲ್ಲಾಡಿಸಿದರೆ ದನದ ಕೊರಳ ಸರ. ಬಿ.ವಿ. ಕಾರಂತರಂಥ ದೊಡ್ಡವರೇ ಕೈಗೆ ಸಿಕ್ಕ ವಸ್ತುಗಳಿಂದ ರಂಗಕ್ಕೆ ನಾದ ಹುಟ್ಟಿಸಿದರು. ನಾವು ಹಿಂಜರಿಯುವುದೇಕೆ?

ಮೊದಲ ಮೂರು ದಿನ ಮಕ್ಕಳ ಕೈಗೆ ಬರೆದ ಸಂಭಾಷಣೆ ಕೊಡಬೇಡಿ. ಕತೆ ಹೇಳಿ, ಆಡಲು ಬಿಡಿ. ಅವರ ಬಾಯಲ್ಲಿ ಬಂದದ್ದನ್ನು ನೀವು ಬರೆದುಕೊಳ್ಳಿ. ‘ನೀ ಹೋದ್ರ ನಂಗ ಯಾರ ಅದಾರವ್ವಾ?’ ಅಂತ ಕರು ಕೇಳಿದರೆ ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದಲೇಬೇಡಿ. ಕೊನೆಗೆ ಹುಲಿ ಯಾಕೆ ಸಾಯಬೇಕು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅದಕ್ಕೆ 40 ನಿಮಿಷದ ಒಂದು ಪೀರಿಯಡ್ ಪೂರ್ತಿ ಬಿಟ್ಟುಕೊಡಿ. ನೀವು ಉತ್ತರ ಹೇಳಬೇಡಿ.

ಪ್ರಶ್ನೆ: ನಾಲ್ಕನೇ ಕ್ಲಾಸಿನ ನನ್ನ ಮಗಳಿಗೆ ನಾಟಕದಲ್ಲಿ ಮರದ ಪಾತ್ರ ಕೊಟ್ಟಿದ್ದಾರೆ. ಮನೆಗೆ ಬಂದು ಅಳುತ್ತಾಳೆ. ಟೀಚರ್ ಹತ್ತಿರ ಮಾತಾಡಲಾ? (ಒಬ್ಬ ತಾಯಿ, ಬೆಂಗಳೂರು)

ಉತ್ತರ: ಮಾತಾಡಿ ತಾಯಿ. ಆದರೆ ‘ಬೇರೆ ಪಾತ್ರ ಕೊಡಿ’ ಅನ್ನಬೇಡಿ. ಇನ್ನೊಂದು ಮಗುವಿನ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. ‘ಈ ಮರ ನಾಟಕದಲ್ಲಿ ಏನು ಮಾಡುತ್ತದೆ?’ ಅಂತ ಕೇಳಿ. ಅದರ ನೆರಳಿಗೆ ಯಾರಾದರೂ ಬರಲಿ, ಮಳೆ ಬಂದಾಗ ಅದು ಅಲುಗಾಡಲಿ, ಕೊಡಲಿ ಹಿಡಿದವನು ಬಂದರೆ ಒಂದು ಮಾತಾಡಲಿ. ಬರೀ ರಟ್ಟಿನ ಎಲೆ ಕಟ್ಟಿಕೊಂಡು ಅರ್ಧ ಗಂಟೆ ಅಲ್ಲಾಡದೆ ನಿಲ್ಲುವುದಾದರೆ ನಿಮ್ಮ ಮಗಳು ಅಳುವುದು ನ್ಯಾಯವೇ.

ಪ್ರಶ್ನೆ: ಸರ್, ನಾನು ಒಂಬತ್ತನೇ ಕ್ಲಾಸ್. ಮನೆಯಲ್ಲಿ ಎಲ್ಲ ಡೈಲಾಗೂ ಬರುತ್ತೆ. ಎಲ್ಲರ ಮುಂದೆ ನಿಂತರೆ ಮೊದಲನೇದು ಬಿಟ್ಟು ಎಲ್ಲ ಮರೆತುಹೋಗುತ್ತೆ. (ವಿದ್ಯಾರ್ಥಿನಿ, ತುಮಕೂರು)

ಉತ್ತರ: ನೀನು ಕೂತು ಬಾಯಿಪಾಠ ಮಾಡುತ್ತಿದ್ದೀಯ ಅನಿಸುತ್ತದೆ ಮಗಳೇ. ಎದ್ದು ಓಡಾಡುತ್ತಾ ಕಲಿ. ಯಾವ ಮಾತಿಗೆ ಕಿಟಕಿ ಹತ್ತಿರ ಹೋಗುತ್ತೀಯ, ಯಾವ ಮಾತಿಗೆ ಕೂರುತ್ತೀಯ ಅಂತ ಗೊತ್ತಿದ್ದರೆ ಕಾಲೇ ಮಾತನ್ನು ನೆನಪಿಸುತ್ತದೆ. ನಿನ್ನದಕ್ಕಿಂತ ಜಾಸ್ತಿ, ನಿನಗಿಂತ ಮುಂಚೆ ಆಡುವವರ ಮಾತನ್ನು ಕಲಿತುಕೋ. ಅಷ್ಟಾದರೂ ಮರೆತರೆ ಎದುರು ನಿಂತ ಗೆಳತಿಯ ಮುಖ ನೋಡು. ‘ಯಾಕೆ ಸುಮ್ಮನಾದೆ?’ ಅಂತ ಅವಳು ಕೇಳಲಿ. ಇವತ್ತೇ ಅವಳ ಜೊತೆ ಇದನ್ನು ಮಾತಾಡಿ ಇಟ್ಟುಕೋ.