ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರಿ

ಪ್ರಶ್ನೆ: ರಜೆ ಇದ್ದಾಗ ಸಂಜೆ ಜುಹು ಬೀಚಿಗೆ ಹೋಗುತ್ತೇವೆ. ಒಂದು ದಿನ ಆಕಾಶ ಕೆಂಪಗೆ ಹೊತ್ತಿಕೊಂಡಿರುತ್ತದೆ, ಇನ್ನೊಂದು ದಿನ ಬರೀ ಬೂದು. ಯಾಕೆ ಹೀಗೆ? ಮುಂಬಯಿಯಲ್ಲಿ ಬೆಳಗಿನ ಆಕಾಶ ನೋಡೋದು ಎಲ್ಲಿ?
– ಓದುಗರು, ಡೊಂಬಿವಲಿ

ಉತ್ತರ: ಸಂಜೆ ಸೂರ್ಯ ಕೆಳಗಿಳಿದಾಗ ಬೆಳಕು ತುಂಬಾ ಗಾಳಿ ದಾಟಿ ಬರಬೇಕು. ದಾರಿಯಲ್ಲೇ ನೀಲಿ ಚೆದುರಿಹೋಗುತ್ತದೆ, ಕೆಂಪು, ಕಿತ್ತಳೆ ಉಳಿಯುತ್ತವೆ. ಹೊಗೆ, ಧೂಳು ಜಾಸ್ತಿಯಾದರೆ ಬಣ್ಣ ಮಂಕು. ಚಳಿಗಾಲದಲ್ಲಿ ಎಷ್ಟೋ ಸಂಜೆ ಸೂರ್ಯ ನೀರು ಮುಟ್ಟುವ ಮೊದಲೇ ಮಸುಕಿನಲ್ಲಿ ಮಾಯವಾಗುತ್ತಾನೆ. ಮಳೆ ಬಂದು ಗಾಳಿ ತೊಳೆದಂತಿರುವ ದಿನ, ಮೇಲೆ ತೆಳು ಮೋಡವೂ ಇದ್ದರೆ, ಖಂಡಿತ ಬಿಡಬೇಡಿ.

ಒಂದು ಮಾತು ಮಾತ್ರ ಕೇಳಿ. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಮರಳು ಕೊಡವಿಕೊಂಡು ಭೇಲ್ ಅಂಗಡಿ ಕಡೆ ಹೊರಡುತ್ತಾರಲ್ಲ, ನನಗೆ ನಿಜಕ್ಕೂ ಸಂಕಟವಾಗುತ್ತದೆ, ಯಾಕೆಂದರೆ ಚೆಂದ ಶುರುವಾಗೋದೇ ಆಮೇಲೆ. ನಮಗೆ ಸೂರ್ಯ ಕಾಣದಿದ್ದರೂ ಎತ್ತರದ ಮೋಡಗಳಿಗೆ ಇನ್ನೂ ಬಿಸಿಲು ತಾಗುತ್ತಿರುತ್ತದೆ. ಮೊದಲು ಹೊನ್ನಿನ ಬಣ್ಣ, ಆಮೇಲೆ ಗುಲಾಬಿ, ಕೊನೆಗೆ ನೇರಳೆ. ಸುಮಾರು 20 ನಿಮಿಷ ಸುಮ್ನೆ ಕೂತಿರಿ, ಸಾಕು.

ಬೆಳಗ್ಗೆಯೂ ಜುಹುವಿಗೇ ಬನ್ನಿ! ಅಲ್ಲಿ ಸೂರ್ಯ ಹುಟ್ಟೋದು ಊರಿನ ಹಿಂದೆ, ನಿಜ. ಆದರೆ ಆಕಾಶ ತಿಳಿಯಾಗಿದ್ದ ದಿನ, ಸೂರ್ಯೋದಯಕ್ಕೆ ಸುಮಾರು ಕಾಲು ಗಂಟೆ ಮೊದಲು ಸಮುದ್ರದ ಕಡೆ ನೋಡಿ. ನೀರಿನ ಅಂಚಿಗೆ ಉದ್ದಕ್ಕೂ ಕಪ್ಪು ಬೆರೆತ ನೀಲಿ ಪಟ್ಟಿ, ಅದರ ಮೇಲೆ ತಿಳಿ ಗುಲಾಬಿ. ಆ ನೀಲಿ ಪಟ್ಟಿ ಭೂಮಿಯದೇ ನೆರಳು. ಸೂರ್ಯ ಮೇಲೆ ಬಂದಷ್ಟೂ ಅದು ಕೆಳಗಿಳಿಯುತ್ತದೆ. ಅಷ್ಟು ದೂರ ಬರಲಾಗದಿದ್ದರೆ ನಿಮ್ಮ ಕಟ್ಟಡದ ಟೆರೇಸೂ ಆದೀತು, ಪಶ್ಚಿಮ ತೆರೆದಿರಬೇಕು ಅಷ್ಟೇ.