ಟೀಕೆಯೋ, ಪೂರ್ವಗ್ರಹವೋ?

'ಆ ಪಕ್ಷದ ನಾಯಕಿ ಪ್ರಧಾನಿ ಹುದ್ದೆಗೆ ತಕ್ಕವರಲ್ಲ ಅಂದಿದ್ದಕ್ಕೆ ಗೆಳೆಯರು ನನ್ನನ್ನು ಸ್ತ್ರೀದ್ವೇಷಿ ಅಂದರು, ಇದು ನ್ಯಾಯವೇ?' ಅಂತ ಕೇಳಿದ್ದೀರಿ. ನೀವು ಕೊಟ್ಟ ಕಾರಣ ಮೂರು: ತೆರಿಗೆ ನೀತಿಯಲ್ಲಿ ಎರಡು ಸಲ ಮಾತು ಬದಲಿಸಿದರು, ದನಿ ಕೀರಲು, ಚಿಕ್ಕ ಮಕ್ಕಳಿದ್ದಾರೆ.

ಮೊದಲನೆಯದು ಅಪ್ಪಟ ರಾಜಕೀಯ ಪ್ರಶ್ನೆ. ಅದನ್ನು ಕೇಳಲೇಬೇಕು. ಉಳಿದೆರಡನ್ನು ಎದುರಾಳಿ ಗಂಡಸಿನ ಬಗ್ಗೆಯೂ ಕೇಳಿದ್ದೀರಾ? ಅವರಿಗೂ ಮಕ್ಕಳಿರಬಹುದಲ್ಲ! ದನಿಯ ಕಥೆಯಂತೂ ಹಳೆಯದು. 1979ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ತಮ್ಮ ದನಿ ತಗ್ಗಿಸಿಕೊಳ್ಳಲು ತರಬೇತಿಯನ್ನೇ ಪಡೆದಿದ್ದರು. ಅವರ ಆರ್ಥಿಕ ನೀತಿಯನ್ನು ಉಗ್ರವಾಗಿ ವಿರೋಧಿಸಿದವರು ಲಕ್ಷಾಂತರ ಮಂದಿ, ಅದಕ್ಕೆ ದನಿಯ ಮಾತು ಬೇಕಿರಲಿಲ್ಲ.

ಹೆಣ್ಣು ಅಂತಷ್ಟೇ ಅಲ್ಲ. 1960ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ಜಾನ್ ಕೆನಡಿ ಹ್ಯೂಸ್ಟನ್ನಿನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳೆದುರು ನಿಂತು, ತಾನು ಕ್ಯಾಥೊಲಿಕ್ ಆದರೂ ಆಡಳಿತದಲ್ಲಿ ಚರ್ಚಿನ ಮಾತು ನಡೆಯುವುದಿಲ್ಲ ಅಂತ ವಿವರಿಸಬೇಕಾಯಿತು. ಎದುರಾಳಿ ನಿಕ್ಸನ್ ಮೇಲೆ ಅಂಥ ಒತ್ತಡ ಇರಲಿಲ್ಲ. ಒಬ್ಬರಿಗೆ ಮಾತ್ರ ಕೇಳುವ ಪ್ರಶ್ನೆ ಕಂಡಾಗ ನನಗೆ ಅನುಮಾನ ಶುರುವಾಗುತ್ತದೆ.

ಹಾಗಂತ ನಿಮ್ಮ ಗೆಳೆಯರೂ ಪೂರ್ತಿ ಸರಿಯಲ್ಲ. 'ಸ್ತ್ರೀದ್ವೇಷಿ' ಅಂದುಬಿಟ್ಟರೆ ತೆರಿಗೆ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲ, ಜಾರಿಕೊಂಡಂತಾಯಿತು. ನಿಮ್ಮ ಕೊನೆಯ ಎರಡು ಕಾರಣ ಹೊಡೆದುಹಾಕಿ, ಮೊದಲನೆಯದನ್ನು ಹಿಡಿದು ಮತ್ತೆ ವಾದಕ್ಕೆ ಕೂರಿ. ಅದಕ್ಕೆ ಏನನ್ನುತ್ತಾರೋ ಇಲ್ಲೇ ಬರೆಯಿರಿ, ನನಗೂ ಕುತೂಹಲ.